ಬಿಡಿಭಾಗ ನಂಬರ್ ಹದಿನೇಳು

"ನಿನ್ನ ಕೈಯೇನೇ ಇದು, ಕೊಳಾಯಿನಾ? ಮೂದೇವಿ! ಗಾಜಿನ ಮೇಲೆ ಕೆರೆ ಕಟ್ಟಿಟ್ಟಿದೀಯಲ್ಲ!"

ಸೂಪರ್‌ವೈಸರ್ ನನ್ನ ಮುಂದಿದ್ದ ಸ್ಕ್ರೀನನ್ನು ಕಿತ್ತುಕೊಂಡು ಟ್ಯೂಬ್‌ಲೈಟಿಗೆ ಹಿಡಿದ. ಮೂಲೆಯಿಂದ ಮೂಲೆಗೆ ನನ್ನ ಬೆರಳಿನ ಒದ್ದೆ ಗುರುತುಗಳು ಸಾಲಾಗಿ ಹೊಳೆಯುತ್ತಿದ್ದವು. ನಾನು ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡೆ. ಒರೆಸಿದಷ್ಟೂ ಬೆವರುವ ಕೈ ನನ್ನದು. ಹುಟ್ಟಿದಾಗಿನಿಂದ ಹೀಗೇ. ಮದುವೆಯ ದಿನ ಕೈ ಹಿಡಿದ ಗಂಡ ಮೊದಲು ಮಾಡಿದ ಕೆಲಸವೆಂದರೆ ತನ್ನ ಕೈ ಒರೆಸಿಕೊಂಡದ್ದು.

"ಇನ್ನೊಂದ್ಸಲ ಒದ್ದೆ ಗುರುತು ಕಾಣ್ಲಿ, ನಿನ್ನ ನಾಲಿಗೇಲೇ ನೆಕ್ಕಿಸ್ತೀನಿ."

"ನಾಲಿಗೆನೂ ಒದ್ದೆನೇ ಇರುತ್ತೆ ಸಾರ್," ಎಂದಳು ಪಕ್ಕದಲ್ಲಿದ್ದ ಚಿಟಿಕೆ, ತಲೆ ಎತ್ತದೆ.

"ನಿನ್ನನ್ನ ಯಾರೇ ಕೇಳಿದ್ದು, ಬಾಯಿಬಡುಕಿ!"

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಮೂವರು ಹೆಂಗಸರು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಸ್ಕ್ರೀನು ಒತ್ತುವುದು ನಮ್ಮ ಕೆಲಸ. ಟಿಕೆಟ್ ಕೊಡುವ ಯಂತ್ರ, ಲಿಫ್ಟು, ಬಟ್ಟೆ ಒಗೆಯುವ ಮಿಷನ್ನು, ಅಂಗಡಿಯ ತಕ್ಕಡಿ, ಇವಕ್ಕೆಲ್ಲ ಕೂರಿಸುವ ಗಾಜುಗಳು ಡಬ್ಬಗಟ್ಟಲೆ ಬರುತ್ತಿದ್ದವು. ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡಲು ಒಂದೊಂದನ್ನೂ ಐನೂರು ಸಲ ಒತ್ತಬೇಕು, ನೂರು ಸಲ ಸವರಬೇಕು, ಎರಡು ಬೆರಳಿಟ್ಟು ಹಿಗ್ಗಿಸಿ ಕುಗ್ಗಿಸಬೇಕು. ಹಿಗ್ಗಿಸಿ ಕುಗ್ಗಿಸುವುದು ಚಿಟಿಕೆಯ ಪಾಲು, ಅದಕ್ಕೇ ಆ ಹೆಸರು. ಮನೆಯಲ್ಲಿ ಕನ್ನಡಿ ಮುಂದೆ ನಿಂತಾಗಲೂ ಅವಳು ಮೂಗಿನ ಮೇಲಿನ ಮೊಡವೆಯನ್ನು ಎರಡು ಬೆರಳಿಟ್ಟು ದೊಡ್ಡದು ಮಾಡಿ ನೋಡಲು ಹೋಗುತ್ತಿದ್ದಳಂತೆ. ದೊಡ್ಡಕ್ಕ ಹನ್ನೊಂದು ವರ್ಷದಿಂದ ಒತ್ತುತ್ತಿದ್ದವಳು. ಅವಳ ಬೆರಳ ತುದಿ ಸವೆದು ಒಣಗಿ, ಗಾಜಿಗೆ ಅವಳ ಗುರುತೇ ಹತ್ತುತ್ತಿರಲಿಲ್ಲ. ಪಾಪ, ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ ತಟ್ಟುತ್ತಿದ್ದಳು. ನಾನು ಆವತ್ತಿನಿಂದ ಕೊಳಾಯಿ ಆದೆ.

ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಸ್ಟಾಪ್‌ವಾಚ್. ನಾವು ಒಂದಕ್ಕೆ ಹೋಗಲು ಎದ್ದರೆ ಸಾಕು, ಕುತ್ತಿಗೆಯಲ್ಲಿ ನೇತುಹಾಕಿಕೊಂಡ ಗಡಿಯಾರವನ್ನು ಕ್ಲಿಕ್ ಎನ್ನಿಸುತ್ತಿದ್ದ. ದಿನಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ನಿಮಿಷ. ನಿಯಮವೆಂದರೆ ಅವನಿಗೆ ಪ್ರಾಣ. ಗೋಡೆಗೆ ಏನು ಅಂಟಿಸಿದ್ದರೂ ನಿಂತು ಓದಿ, ಅದರಂತೆ ನಡೆದುಕೊಳ್ಳುತ್ತಿದ್ದ.

ಒಂದು ಸೋಮವಾರ ಮಾಲೀಕ ದೊಡ್ಡದೊಂದು ಮರದ ಪೆಟ್ಟಿಗೆಯನ್ನು ಆರು ಜನರ ಹೆಗಲ ಮೇಲೆ ಮೆಟ್ಟಿಲು ಹತ್ತಿಸಿದ. ಒಳಗಿನಿಂದ ಕಬ್ಬಿಣದ ತೋಳೊಂದು ಹೊರಬಂತು. ತೋಳಿನ ತುದಿಯಲ್ಲಿ ರಬ್ಬರಿನ ಟೋಪಿ ಹಾಕಿಕೊಂಡ ಒಂದೇ ಒಂದು ಬೆರಳು.

"ನೋಡ್ಕೊಳ್ರೇ ಸರಿಯಾಗಿ," ಎಂದ ಮಾಲೀಕ. "ಇದು ದಿನಕ್ಕೆ ನಲವತ್ತು ಸಾವಿರ ಸಲ ಒತ್ತುತ್ತೆ. ಹರಟೆ ಹೊಡೆಯಲ್ಲ. ಮಗೂಗೆ ಜ್ವರ ಅನ್ನಲ್ಲ. ಒಂದಕ್ಕೆ ಹೋಗ್ಬೇಕು ಅಂತ ಕೈ ಎತ್ತಲ್ಲ. ನೀವು ಮೂರೂ ಜನ ಈ ವಾರ ಮುಗಿಸಿ ಮನೆ ದಾರಿ ನೋಡ್ಕೊಳ್ಳಿ."

ಅದಕ್ಕೆಂದೇ ಕೋಣೆಯ ನಡುವೆ ಗಾಜಿನ ಗೋಡೆ ಎದ್ದಿತು. ಹನ್ನೊಂದು ವರ್ಷ ದೊಡ್ಡಕ್ಕ ಕೇಳಿದರೂ ಬಾರದ ಫ್ಯಾನಿನ ಬದಲು ಎ.ಸಿ.ಯೇ ಬಂತು. ಕಾಲಡಿಗೆ ದಪ್ಪನೆ ಮ್ಯಾಟು, ಧೂಳು ಕೂರದಂತೆ ಮೈಮೇಲೆ ಹಾಕಲು ಪ್ಲಾಸ್ಟಿಕ್ ಹೊದಿಕೆ.

"ಅಳಿಯ ಬಂದ ಹಾಗಾಯ್ತು ಕಣ್ರೇ," ಎಂದಳು ದೊಡ್ಡಕ್ಕ. ಅದರ ಹೆಸರು ಅಲ್ಲಿಗೆ ಅಳಿಯ ಎಂದೇ ಆಯಿತು.

ಅಳಿಯನನ್ನು ಮಾಡಿದ ಕಂಪನಿಯಿಂದ ಬೊಕ್ಕತಲೆಯ ಒಬ್ಬ ಮೆಕ್ಯಾನಿಕ್ ಬಂದಿದ್ದ. ಅವನು ಸ್ವಿಚ್ ಒತ್ತಿದ. ತೋಳು ಮೇಲೆದ್ದು, ಕೆಳಗಿಳಿದು, ಗಾಜಿನ ಮೇಲೆ ಟಕ್ ಎಂದಿತು. ಟಕ್, ಟಕ್, ಟಕ್. ಗಾಜು ಮಿಸುಕಲಿಲ್ಲ. ನಮ್ಮ ಬೆರಳು ತಾಗಿದರೆ ಹಸಿರು ಚುಕ್ಕೆ ಮೂಡಬೇಕು, ಮೇಲಿನ ಅಂಕಿ ಒಂದೊಂದೇ ಏರಬೇಕು. ಅಳಿಯ ಇನ್ನೂರು ಸಲ ಕುಟ್ಟಿದರೂ ಅಂಕಿ ಸೊನ್ನೆಯ ಮೇಲೇ ಕೂತಿತ್ತು. ಮಾಲೀಕನ ಮುಖ ಕೆಂಪಾಯಿತು, ಮೆಕ್ಯಾನಿಕ್ ತಲೆ ಕೆರೆದುಕೊಂಡ, ನಾವು ಮೂವರೂ ಡಬ್ಬಗಳ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಧ್ಯಾಹ್ನದವರೆಗೂ ಇದೇ ಕಥೆ. ಕೊನೆಗೆ ಮಾಲೀಕನಿಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಾಯಿತು.

"ಏನೇ ಹಲ್ಲು ಕಿರೀತಿದೀಯಾ? ಬಾ ಇಲ್ಲಿ, ಇದರ ಮೈಮೇಲೆ ಧೂಳು ಕೂತಿದೆ, ಒರೆಸು."

ನಾನು ಬಟ್ಟೆ ಹಿಡಿದು ಹೋದೆ. ತೋಳು ಕುಟ್ಟುತ್ತಲೇ ಇತ್ತು. ಅದು ಅಲ್ಲಾಡದಿರಲಿ ಎಂದು ಎಡಗೈಯಲ್ಲಿ ಅದರ ಬುಡ ಹಿಡಿದೆ. ಗಾಜಿನ ಮೇಲೆ ಹಸಿರು ಚುಕ್ಕೆ ಮೂಡಿತು. ಒಂದು, ಎರಡು, ಮೂರು. ಗಾಬರಿಯಾಗಿ ಕೈ ಬಿಟ್ಟೆ. ಚುಕ್ಕೆ ಹೋಯಿತು.

"ಹಿಡ್ಕೊಳ್ಳಮ್ಮ!" ಎಂದು ಮೆಕ್ಯಾನಿಕ್ ಕಿರುಚಿದ. ಹಿಡಿದೆ. ನಾಲ್ಕು, ಐದು, ಆರು.

ಮೆಕ್ಯಾನಿಕ್ ಬಗ್ಗಿ ಅಳಿಯನ ಬೆನ್ನಿನಿಂದ ಹೊರಟಿದ್ದ ಹಸಿರು ತಂತಿಯ ಜಾಡು ಹಿಡಿದು ಹೊರಟ. ಅದು ಗೋಡೆ ತೂರಿ, ಕಿಟಕಿ ದಾಟಿ, ಹೊರಗೋಡೆಯ ಒಂದು ಮೊಳೆಗೆ ಸುತ್ತಿಕೊಂಡು ಅಲ್ಲಿಗೇ ಮುಗಿದಿತ್ತು. ಅದರ ಮೇಲೆ ಯಾರೋ ನೆಲ ಒರೆಸುವ ಬಟ್ಟೆ ಒಣಹಾಕಿದ್ದರು.

"ಸಾರ್, ಸುಮ್ನೆ ಕುಟ್ಟಿದ್ರೆ ಗಾಜು ಒಪ್ಪಲ್ಲ," ಎಂದ ಬಂದು. "ಬೆರಳ ಹಿಂದೆ ಒಂದು ಮೈ ಇರ್ಬೇಕು ಅದಕ್ಕೆ. ಈ ಕಬ್ಬಿಣದ ಬೆರಳಿಗೆ ಮೈ ಎಲ್ಲಿ? ಅದಕ್ಕೇ ಈ ತಂತಿನ ನೆಲದೊಳಗೆ ಹೂಳ್ಬೇಕು. ಗುಂಡಿ ತೋಡ್ಸಿಲ್ವಾ?"

ಗುಂಡಿ ತೋಡಬೇಕೆಂದರೆ ಕೆಳಗಿನ ಟೈರ್ ಅಂಗಡಿಯ ನೆಲ ಅಗೆಯಬೇಕು. ಟೈರ್ ಅಂಗಡಿಯವನಿಗೂ ಮಾಲೀಕನಿಗೂ ಗಾಡಿ ನಿಲ್ಲಿಸುವ ಜಾಗದ ಮೇಲೆ ಆರು ವರ್ಷದಿಂದ ಮಾತಿಲ್ಲ. ಸ್ಟಾಪ್‌ವಾಚ್ ಇಳಿದು ಹೋಗಿ ಕೇಳಿದ. "ನಿಮ್ಮ ಮಾಲೀಕನ್ನ ಹೂಳೋದಾದ್ರೆ ಹೇಳು, ನಾನೇ ಅಗೆದು ಕೊಡ್ತೀನಿ," ಎಂಬ ಉತ್ತರ ನಮಗೆ ಮೇಲಿನವರೆಗೂ ಕೇಳಿಸಿತು.

ಹಾಗಾಗಿ ಮೈ ಹುಡುಕುವ ಕೆಲಸ ಶುರುವಾಯಿತು. ದೊಡ್ಡಕ್ಕ ಹಿಡಿದಳು, ಒಣಗಿದ ಕೈ, ಏನೂ ಆಗಲಿಲ್ಲ. ಚಿಟಿಕೆ ಹಿಡಿದಾಗ ಹತ್ತಕ್ಕೆ ನಾಲ್ಕು ಚುಕ್ಕೆ ಮೂಡಿದವು. ಸ್ಟಾಪ್‌ವಾಚ್ ಹಿಡಿದ, ಒಂದೂ ಇಲ್ಲ. "ಸರಿಯಪ್ಪ, ದಾರಿ ಬಿಡಿ," ಎಂದು ಮಾಲೀಕನೇ ಅಂಗಿಯ ತೋಳು ಮೇಲೇರಿಸಿ ಹಿಡಿದ. ಗಾಜು ಅವನನ್ನು ಮನುಷ್ಯನೆಂದು ಒಪ್ಪಲೇ ಇಲ್ಲ. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ಆ ಗಾಜಿಗೆ ಒಂದು ಮುತ್ತು ಕೊಡಬೇಕೆನ್ನಿಸಿತು. ನಾನು ಹಿಡಿದರೆ ಮಾತ್ರ ನೂರಕ್ಕೆ ನೂರು.

"ಹಾಗಾದ್ರೆ ಇವಳನ್ನೇ ಕಟ್ಟಿ," ಎಂದ ಮಾಲೀಕ.

ನನ್ನ ಮಣಿಕಟ್ಟಿಗೆ ಉಕ್ಕಿನ ಪಟ್ಟಿ ಬಿಗಿದು, ಅದರಿಂದ ಒಂದು ತಂತಿ ಎಳೆದು ಅಳಿಯನ ಬೆನ್ನಿಗೆ ಸೇರಿಸಿದರು. ಅಳಿಯನ ಹಿಂದೆ ಒಂದು ಸ್ಟೂಲು. ಅದರ ಮೇಲೆ ಕೂರುವುದು, ಇಷ್ಟೇ ನನ್ನ ಕೆಲಸ. ದೊಡ್ಡಕ್ಕ, ಚಿಟಿಕೆ ಗಾಜಿನ ಗೋಡೆಯ ಆಚೆ ಕೂತು ಡಬ್ಬ ಬಿಚ್ಚಿ ಕಟ್ಟುತ್ತಿದ್ದರು. ಹೊರಗೆ ಕಳಿಸುವ ಮಾತು ಮಾಲೀಕನ ಬಾಯಲ್ಲಿ ಇನ್ನೂ ಇತ್ತು, ಆದರೆ ತಾರೀಖು ಹೇಳುತ್ತಿರಲಿಲ್ಲ.

"ಪುಣ್ಯವಂತೆ ಕಣೇ ನೀನು," ಎಂದ ಸ್ಟಾಪ್‌ವಾಚ್. "ಕೂತು ತಿನ್ನೋ ಕೆಲ್ಸ."

ಮೊದಲ ದಿನ ನನಗೂ ಹಾಗೇ ಅನ್ನಿಸಿತು. ಹನ್ನೊಂದು ಗಂಟೆಯ ಹೊತ್ತಿಗೆ ಒಂದಕ್ಕೆ ಹೋಗಬೇಕೆನ್ನಿಸಿ ಎದ್ದೆ.

"ಎಲ್ಲಿಗೆ?"

"ಒಂದಕ್ಕೆ ಸಾರ್."

"ಲೇ, ತಲೆ ಇದ್ಯಾ? ಹತ್ತು ಸಾವಿರ ಸಲ ಒತ್ತೋದು ಒಂದು ಸುತ್ತು. ನಡುವೆ ಒಂದು ತಪ್ಪಿದ್ರೂ ಮೊದಲಿಂದ ಶುರು ಮಾಡ್ಬೇಕು. ಈಗ ನಾಲ್ಕು ಸಾವಿರದಲ್ಲಿದೆ. ಕೂತ್ಕೋ."

"ಇನ್ನೆಷ್ಟು ಹೊತ್ತು?"

"ಆರು ಸಾವಿರ," ಎಂದ.

ನಮ್ಮ ಮನೆಯಲ್ಲಿ ಗಂಟೆ, ನಿಮಿಷ ಎಂದರೆ ಗೊತ್ತಾಗುತ್ತದೆ. ಆರು ಸಾವಿರ ಟಕ್ ಎಂದರೆ ಎಷ್ಟು ಹೊತ್ತೆಂದು ನನ್ನ ಹೊಟ್ಟೆಗೆ ತಿಳಿದದ್ದು ಆವತ್ತೇ. ಒಂದು ಸುತ್ತು ಮುಗಿದು ನಾನು ಎದ್ದು ಓಡುವಷ್ಟರಲ್ಲಿ ಮುಂದಿನ ಗಾಜು ಬಂದು ಕೂರುತ್ತಿತ್ತು. ಅಳಿಯನ ಕೈಗೆ ಬಿಡುವು ಕೊಡಬಾರದೆಂದು ಮಾಲೀಕನ ಆಜ್ಞೆ. ನಾನು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟೆ. ಕಾಲ ಮೇಲೆ ಕಾಲು ಹಾಕಿದೆ, ಹಲ್ಲು ಕಚ್ಚಿದೆ, ಮಗ್ಗಿ ಹೇಳಿಕೊಂಡೆ. ಹದಿಮೂರರ ಮಗ್ಗಿ ಶಾಲೆಯಲ್ಲಿ ಬಾರದಿದ್ದದ್ದು ಆ ಸ್ಟೂಲಿನ ಮೇಲೆ ಬಂತು.

ಮೂರನೇ ವಾರಕ್ಕೆ ಉರಿ ಶುರುವಾಯಿತು. ಆಸ್ಪತ್ರೆಗೆ ಹೋದೆ.

"ನೀರು ಚೆನ್ನಾಗಿ ಕುಡೀಬೇಕು," ಎಂದರು ಡಾಕ್ಟರಮ್ಮ. "ಬಂದಾಗ ಎದ್ದು ಹೋಗ್ಬೇಕು, ತಡೀಬಾರ್ದು. ಎರಡು ಗಂಟೆಗೊಂದ್ಸಲ. ಇಲ್ಲಾಂದ್ರೆ ಮೂತ್ರಪಿಂಡಕ್ಕೇ ಏರುತ್ತೆ. ಅಷ್ಟು ಹೊತ್ತು ಯಾಕೆ ತಡ್ಕೊಂಡಿರ್ತೀರಾ? ಏನು ಕೆಲ್ಸ?"

"ತಂತಿ," ಎಂದೆ.

"ತಂತಿ ಕೆಲ್ಸನಾ?"

"ಇಲ್ಲ ಡಾಕ್ಟ್ರೇ. ನಾನೇ ತಂತಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ತಲೆಯ ಡಾಕ್ಟರರ ಬಾಗಿಲು ಎದುರಿಗಿದೆ ಎಂದರು. ನಾನು ಎಲ್ಲ ಬಿಡಿಸಿ ಹೇಳಿದ ಮೇಲೆ ಒಂದು ಚೀಟಿ ಬರೆದುಕೊಟ್ಟರು. ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಬಿಡುವು ಬೇಕೇಬೇಕು ಎಂದು ಅದರಲ್ಲಿತ್ತು.

ಚೀಟಿಯನ್ನು ಮರುದಿನ ಸ್ಟಾಪ್‌ವಾಚ್ ಕೈಗಿಟ್ಟೆ. ನಿಯಮದವನು, ಬರೆದದ್ದಕ್ಕೆ ಬೆಲೆ ಕೊಟ್ಟಾನು ಎಂದುಕೊಂಡಿದ್ದೆ. ಅವನು ಹಾಜರಿ ಪುಸ್ತಕ ತೆಗೆದ, ಬೆರಳಿಟ್ಟು ಹುಡುಕಿದ.

"ನಿನ್ನ ಹೆಸರೇ ಇಲ್ವಲ್ಲ ಇಲ್ಲಿ. ಹೆಸರಿಲ್ಲದೋರ ಚೀಟಿ ಹೇಗೆ ತಗೊಳ್ಳೋದು?"

ನೋಡಿದೆ. ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಗಾಜು ಕೊಳ್ಳುವ ಕಂಪನಿಯವರು, ಪರೀಕ್ಷೆಯ ಕೋಣೆಯಲ್ಲಿ ಮನುಷ್ಯರು ಎಷ್ಟು ಜನ ಎಂದು ಕಾಗದ ಬರೆದು ಕೇಳಿದ್ದರಂತೆ. ಪೂರ್ತಿ ಮಿಷನ್ನೇ ಮಾಡಿದರೆ ಮಾತ್ರ ದೊಡ್ಡ ಆರ್ಡರು. ಮಾಲೀಕ ಸೊನ್ನೆ ಎಂದು ಬರೆದು ಕಳಿಸಿದ್ದ. ಲೆಕ್ಕ ತಾಳೆಯಾಗಬೇಕಲ್ಲ, ಅಳಿಯನ ಬಿಡಿಭಾಗಗಳ ಪಟ್ಟಿಯಲ್ಲಿ ಹದಿನಾರು ಭಾಗಗಳ ಕೆಳಗೆ ಒಂದು ಸಾಲು ಸೇರಿಸಿ ಗೋಡೆಗೆ ಅಂಟಿಸಿದ್ದ. ಭಾಗ ನಂಬರ್ ಹದಿನೇಳು, ನೆಲದ ತಂತಿ, ಉದ್ದ ಐದು ಅಡಿ ಒಂದು ಅಂಗುಲ.

ನನ್ನ ಎತ್ತರ ಅಷ್ಟೇ. ಯಾವಾಗ ಅಳತೆ ತೆಗೆದುಕೊಂಡರೋ ಕಾಣೆ. ಮೈಯೆಲ್ಲ ಉರಿಯಿತು. ನೇರ ಮಾಲೀಕನ ಕೋಣೆಗೆ ನುಗ್ಗಿದೆ.

"ನಾನು ಮನುಷ್ಯಳು ಸಾರ್. ಡಾಕ್ಟರ್ ಚೀಟಿ ತಂದಿದೀನಿ."

ಅವನು ಹಲ್ಲುಕಡ್ಡಿ ಬಾಯಿಂದ ತೆಗೆಯಲಿಲ್ಲ. "ಸ್ಕ್ರೂ ಯಾವತ್ತಾದ್ರೂ ಡಾಕ್ಟರ್ ಚೀಟಿ ತಂದಿದ್ಯೇನೇ? ಬೋಲ್ಟು ರಜೆ ಕೇಳುತ್ತಾ? ಹೋಗಿ ಕೂತ್ಕೋ. ಇಲ್ಲ ಅಂದ್ರೆ ಹೇಳು, ಬೆವರೋ ಮುಂಡೇರು ಊರಲ್ಲಿ ಬೇಕಾದಷ್ಟಿದಾರೆ."

ಹೋಗಿ ಕೂತೆ. ಅತ್ತೆಯ ಔಷಧಿ ನಿಂತರೆ ಅವಳ ಉಸಿರು ನಿಲ್ಲುತ್ತದೆ, ಗಂಡ ಲಾರಿ ಹತ್ತಿದರೆ ತಿಂಗಳು ಮುಖ ಕಾಣುವುದಿಲ್ಲ. ಅಳಿಯ ಟಕ್ ಟಕ್ ಎನ್ನುತ್ತಿದ್ದ. ನನ್ನ ಕಣ್ಣೀರು ಮಣಿಕಟ್ಟಿನ ಮೇಲೆ ಬಿತ್ತು. ಚುಕ್ಕೆಗಳು ಇನ್ನೂ ಚೆನ್ನಾಗಿ ಮೂಡಿದವು.

ಸಂಜೆ ಅತ್ತೆಗೆ ಎಲ್ಲ ಹೇಳಿದೆ. ನನ್ನ ಅತ್ತೆ ಇಪ್ಪತ್ತೆರಡು ವರ್ಷ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಿಷನ್ನಿನ ಮುಂದೆ ನಿಂತವಳು. ಉಸಿರು ಕಮ್ಮಿ, ಆದರೆ ಬೈಯಲು ಮಾತ್ರ ಎಲ್ಲಿಂದಲೋ ಬರುತ್ತದೆ.

"ಆ ನಿಮ್ಮ ಮಾಲೀಕನಿಗೆ ವಾಂತಿ ಭೇದಿ ಆಗ! ಅವನ ವಂಶಕ್ಕೇ ಉಚ್ಚೆ ಕಟ್ಟಿಹೋಗ!" ಎಂದು ಶುರು ಮಾಡಿದವಳು ಅವನ ಮುತ್ತಜ್ಜನವರೆಗೂ ಹೋಗಿ, ಕೆಮ್ಮು ಬಂದು ನಿಂತಳು. ಆಮೇಲೆ ಕೇಳಿದಳು, "ಅಲ್ಲ ಕಣೇ, ಆ ಮಿಷನ್ನಿಗೆ ಬಿಡುವು ಇಲ್ವಾ?"

"ಮಿಷನ್ನಿಗೆ ಎಂಥ ಬಿಡುವು ಅತ್ತೆ?"

"ಅಯ್ಯೋ ದಡ್ಡೀ. ನಮ್ಮ ಇಸ್ತ್ರಿ ಮಿಷನ್ನು ಎರಡು ಗಂಟೆಗೊಂದ್ಸಲ ನಿಲ್ಲಿಸ್ಲೇಬೇಕಿತ್ತು. ಇಲ್ಲಾಂದ್ರೆ ಸುಟ್ಟು ಹೋಗೋದು. ಮಿಷನ್ನಿನ ಜೊತೆ ಬಂದಿದ್ದ ಬುಕ್ಕಲ್ಲಿ ಹಂಗೇ ಇತ್ತು. ಅದು ಆರೋವರೆಗೂ ನಾವು ಬಕೆಟ್ ಹೊರ್ತಿದ್ವಿ. ನಮಗೆ ಯಾರೂ ಬುಕ್ಕು ಬರ್ದಿರ್ಲಿಲ್ಲ. ನಿನ್ನನ್ನ ಈಗ ಅದರೊಳಗೆ ಸೇರ್ಸಿದಾರಲ್ಲ, ಅದರ ಬುಕ್ಕೇ ನಿಂದೂ ಬುಕ್ಕು. ಹೋಗಿ ನೋಡು."

ಮೆಕ್ಯಾನಿಕ್ ವಾರಕ್ಕೊಮ್ಮೆ ಎಣ್ಣೆ ಹಾಕಲು ಬರುತ್ತಿದ್ದ. ಬುಕ್ಕು ನಮಗೆ ತಿಳಿಯದ ಭಾಷೆಯಲ್ಲಿತ್ತು. ಊಟದ ಹೊತ್ತಿಗೆ ಮೂವರೂ ಅವನನ್ನು ಸುತ್ತುವರಿದು ಓದಿಸಿದೆವು. ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಓದಿದ.

"ಎರಡು ಗಂಟೆ ಓಡಿಸಿದ ಮೇಲೆ ಹದಿನೈದು ನಿಮಿಷ ನಿಲ್ಲಿಸಬೇಕು. ಎಲ್ಲ ಭಾಗಗಳನ್ನೂ ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೇಲಿ ಒರೆಸಬೇಕು. ಯಾವ ಭಾಗವನ್ನೂ ಎಳೆಯಬಾರದು, ಬಡಿಯಬಾರದು."

"ಬೈಬಾರ್ದು ಅಂತ ಇದ್ಯಾ?" ಎಂದಳು ಚಿಟಿಕೆ.

"ಇಲ್ಲಮ್ಮ. ಜೋರಾದ ಅದುರು ತಾಗಬಾರದು ಅಂತಿದೆ."

"ಸ್ಟಾಪ್‌ವಾಚ್ ಬೈದ್ರೆ ಕಿಟಕಿ ಗಾಜೇ ಅದುರುತ್ತೆ. ಅದೂ ಸೇರ್ತು ಹಾಗಾದ್ರೆ."

ಬುಕ್ಕಿನ ಮಾತನ್ನು ಸ್ಟಾಪ್‌ವಾಚ್ ಮುಂದಿಟ್ಟೆವು. ಅವನು ಪಟ್ಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ಪಟ್ಟಿ ನೋಡಿದ. ನಿಜವಾಗಿಯೂ ಇಕ್ಕಟ್ಟಿಗೆ ಸಿಕ್ಕಿದ. ಮಾಲೀಕನನ್ನು ಕೇಳಿ ಬಂದು ತೀರ್ಪು ಹೇಳಿದ. ಒತ್ತುವ ಲೆಕ್ಕಕ್ಕೆ ಅಡ್ಡಿ ಬಾರದ ನಿಯಮಗಳನ್ನೆಲ್ಲ ಪಾಲಿಸಬಹುದು. ಬಿಡುವು ಮಾತ್ರ ಇಲ್ಲ.

ಆಮೇಲಿನ ಹತ್ತು ದಿನ ನನ್ನ ಬಾಳು ನಾಯಿಪಾಡಾಯಿತು. ದಿನಾ ಬೆಳಿಗ್ಗೆ ಸ್ಟಾಪ್‌ವಾಚ್ ನಿಂತು ನೋಡುತ್ತಿರುವಾಗ ಚಿಟಿಕೆ ಹದಿನಾರು ಭಾಗಗಳನ್ನು ಒರೆಸಿ, ಹದಿನೇಳನೆಯದಾಗಿ ನನ್ನ ಮುಖ ಒರೆಸುತ್ತಿದ್ದಳು. ಮೂಗು ಒರೆಸುವಾಗ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ. ಕೋಣೆ ಬುಕ್ಕಿನಲ್ಲಿದ್ದಂತೆ ಹದಿನೆಂಟು ಡಿಗ್ರಿಯಾಗಿ ನಾನು ಗಡಗಡ ನಡುಗುತ್ತಿದ್ದೆ. ಬೆವರು ನಿಂತರೆ ಕಷ್ಟವೆಂದು ಅಂಗೈಗೆ ಬಿಸಿನೀರಿನ ಚೀಲ ಕೊಟ್ಟರು. ಒಂದು ಸಂಜೆ ಸ್ಟಾಪ್‌ವಾಚ್ ಎಣ್ಣೆ ಡಬ್ಬಿ ಹಿಡಿದು ನನ್ನ ಮೊಣಕೈಯ ಹತ್ತಿರ ಬಂದ.

"ಹತ್ರ ಬಂದ್ರೆ ಕಚ್ತೀನಿ," ಎಂದೆ.

"ಕೀಲಿಗೆ ಹಾಕ್ಬೇಕು ಅಂತ ಬರ್ದಿದೆ," ಎಂದು ಗೊಣಗುತ್ತಾ ಹಿಂದೆ ಸರಿದ.

ಇದೆಲ್ಲ ನಗುವ ಮಾತೇ. ಮನೆಗೆ ಹೋಗಿ ಹೇಳಿದರೆ ಅತ್ತೆ ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಉರಿ ಹೆಚ್ಚುತ್ತಲೇ ಹೋಯಿತು. ಒಂದು ದಿನ ಬಟ್ಟೆಯ ಮೇಲೆ ರಕ್ತದ ಕಲೆ ಕಂಡೆ. ಆವತ್ತು ನಾನು ಹೆದರಿದೆ. ಮನೆಯಲ್ಲಿ ಯಾರಿಗೂ ಹೇಳದೆ ಬಟ್ಟೆ ಒಗೆದು, ದೊಡ್ಡಕ್ಕನಿಗೆ ಮಾತ್ರ ಹೇಳಿದೆ.

ಅವಳು ನನ್ನನ್ನು ಡಬ್ಬಗಳ ಹಿಂದೆ ಎಳೆದುಕೊಂಡು ಹೋದಳು. "ಇದಕ್ಕೆ ಮುಂಚೆ ಇಲ್ಲಿ ಕೆಲ್ಸ ನಿಲ್ಲಿಸಿ ಕೂತೋರು ನಾಲ್ಕು ಜನ ಇದ್ರು," ಎಂದಳು. "ಅದೇ ದಿನ ನಾಲ್ಕೂ ಜನಾನ ಕತ್ತು ಹಿಡಿದು ದಬ್ಬಿದ್ರು. ಕೆಲ್ಸದೋರು ಕೆಲ್ಸ ನಿಲ್ಸಂಗಿಲ್ಲ. ಆದ್ರೆ ನೀನು ಕೆಲ್ಸದೋಳೇ ಅಲ್ವಲ್ಲ ಈಗ. ಸಾಮಾನು. ಸಾಮಾನು ಕೆಟ್ಟುಹೋದ್ರೆ ಏನ್ಮಾಡ್ತಾರೆ?"

ಮೆಕ್ಯಾನಿಕ್ ಬಂದಾಗ ಅದನ್ನೇ ಕೇಳಿದೆವು. ಅವನು ಕೊನೆಯ ಹಾಳೆ ತೆಗೆದ. ಕೆಟ್ಟ ಭಾಗಕ್ಕೆ ಕೆಂಪು ಚೀಟಿ ಕಟ್ಟಬೇಕು. ತಮ್ಮ ಕಂಪನಿಯ ಮೆಕ್ಯಾನಿಕ್ ಬಂದು ನೋಡುವವರೆಗೂ ಅದನ್ನು ಯಾರೂ ಮುಟ್ಟಬಾರದು, ಬಿಚ್ಚಬಾರದು, ಮುಟ್ಟಿದರೆ ಮಿಷನ್ನಿನ ಗ್ಯಾರಂಟಿ ಪೂರ್ತಿ ರದ್ದು. ದಾರ ಕಟ್ಟಿದ ಕೆಂಪು ಚೀಟಿಗಳ ಒಂದು ಕಂತೆ ಬುಕ್ಕಿನ ಜೊತೆಯಲ್ಲೇ ಇತ್ತು. ಅವನು ಎಣ್ಣೆ ಹಾಕಲು ಆಚೆ ತಿರುಗಿ, ಬೇಕೆಂದೇ ಬಹಳ ಹೊತ್ತು ತಿರುಗಿಕೊಂಡೇ ಇದ್ದ.

ಮರುದಿನವೇ ಕೊಳ್ಳುವ ಕಂಪನಿಯವರು ನೋಡಲು ಬರುವವರಿದ್ದರು. ಮಾಲೀಕ ಬೆಳಿಗ್ಗೆಯೇ ಬಂದು ನಿಂತ.

"ಸಾರ್, ಒಂದೇ ಒಂದ್ಸಲ ಹೋಗಿ ಬಂದ್ಬಿಡ್ತೀನಿ. ಉರಿ ತಡೆಯೋಕಾಗ್ತಿಲ್ಲ," ಎಂದೆ. ಕೊನೆಯ ಸಲ ಮರ್ಯಾದೆಯಿಂದ ಕೇಳಿ ನೋಡಬೇಕೆಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಹಾಳಾದೋಳೇ, ಅವರು ಮೆಟ್ಟಿಲ ಹತ್ರ ಬಂದಿದಾರೆ! ಹತ್ತು ಸಾವಿರ ಆಗೋವರೆಗೂ ಅಲ್ಲಾಡಂಗಿಲ್ಲ. ಕೆಮ್ಮಂಗಿಲ್ಲ, ಸೀನಂಗಿಲ್ಲ. ಉಸಿರೂ ಮೆಲ್ಲಗೆ ಬಿಡು." ಅಳಿಯನ ಪ್ಲಾಸ್ಟಿಕ್ ಹೊದಿಕೆ ತಂದು ನನ್ನ ತಲೆಯ ಮೇಲೆ ಹಾಕಿದ.

ಹೊದಿಕೆಯ ಒಳಗೆ ಎಲ್ಲ ಮಬ್ಬು ಮಬ್ಬು. ಒಬ್ಬ ಮೇಡಂ ಬಂದರು, ಅವರ ಬ್ಯಾಗು ಹಿಡಿದುಕೊಂಡು ಒಬ್ಬ ಉದ್ದನೆಯ ಮನುಷ್ಯ. ಮಾಲೀಕನ ದನಿಗೆ ಬೆಣ್ಣೆ ಹಚ್ಚಿದಂತಿತ್ತು. ಪೂರ್ತಿ ಆಟೋಮ್ಯಾಟಿಕ್ ಮೇಡಂ, ಮನುಷ್ಯರ ಕೈ ಸೋಕೋದೇ ಇಲ್ಲ ಮೇಡಂ. ಅಳಿಯ ಟಕ್ ಟಕ್ ಎನ್ನುತ್ತಿದ್ದ. ಅಂಕಿ ಎರಡು ಸಾವಿರ ದಾಟಿತು, ನಾಲ್ಕು ದಾಟಿತು. ನನ್ನ ಹೊಟ್ಟೆಯ ಕೆಳಗೆ ಕೆಂಡ ಇಟ್ಟಂತಾಗಿ ಬೆನ್ನವರೆಗೂ ನೋವು ಹೊಡೆಯಿತು. ಆರು ಸಾವಿರದ ನಾನೂರಾ ಹನ್ನೆರಡು ಎಂದಾಗ ಸಾಕೆನ್ನಿಸಿತು. ಒಳಗೇ ಮಣಿಕಟ್ಟಿನ ಪಟ್ಟಿ ಬಿಚ್ಚಿದೆ.

ಅಳಿಯ ಕುಟ್ಟುತ್ತಲೇ ಇದ್ದ. ಅಂಕಿ ನಿಂತಿತು.

"ಏನಾಯ್ತು?" ಎಂದರು ಮೇಡಂ.

"ಏನಿಲ್ಲ ಮೇಡಂ, ಯಾವುದೋ ಒಂದು ಭಾಗ ಸಡಿಲ ಆಗಿದೆ ಅಷ್ಟೇ."

"ಯಾವ ಭಾಗ?"

"ಹದಿನೇಳು," ಎಂದೆ ಹೊದಿಕೆಯೊಳಗಿಂದ.

ಉದ್ದನೆಯ ಮನುಷ್ಯ ಬ್ಯಾಗು ಕೆಳಗೆ ಬೀಳಿಸಿದ. "ಮಾತೂ ಆಡುತ್ತಾ ಇದು?" ಎಂದು ಮಾಲೀಕನನ್ನು ಕೇಳಿದ.

ನಾನು ಹೊದಿಕೆ ಸರಿಸಿ ಎದ್ದು ನಿಂತೆ. ಕುತ್ತಿಗೆಯಲ್ಲಿ ಕೆಂಪು ಚೀಟಿ ಕಟ್ಟಿಕೊಂಡಿದ್ದೆ. "ನಾನೇ ಹದಿನೇಳು ಮೇಡಂ. ಐದು ಅಡಿ ಒಂದು ಅಂಗುಲ. ಕೆಟ್ಟುಹೋಗಿದೀನಿ."

"ಹಲ್ಕಾ ಮುಂಡೆ!" ಮಾಲೀಕ ಕೈ ಎತ್ತಿದ. "ನಿನ್ನನ್ನ ಕೆಲ್ಸದಿಂದ ತೆಗೆದಿದೀನಿ, ನಡಿ ಆಚೆ!"

"ಯಾವ ಕೆಲ್ಸದಿಂದ ಸಾರ್? ಹಾಜರಿ ಪುಸ್ತಕದಲ್ಲಿ ನಾನು ಇಲ್ವಲ್ಲ."

ಎತ್ತಿದ ಕೈಯನ್ನು ಹಿಂದಿನಿಂದ ಯಾರೋ ಹಿಡಿದರು. ಸ್ಟಾಪ್‌ವಾಚ್! ಪ್ರೀತಿಯಿಂದಲ್ಲ, ಅವನ ಮುಖದಲ್ಲಿ ಇದ್ದದ್ದು ಗಾಬರಿ. "ಮುಟ್ಬೇಡಿ ಸಾರ್. ಕೆಂಪು ಚೀಟಿ ಇದೆ. ಬುಕ್ಕಲ್ಲಿ ಬರ್ದಿದೆ, ಗ್ಯಾರಂಟಿ ಹೋಗುತ್ತೆ."

ಮಾಲೀಕ ಫೋನು ತೆಗೆದು ಮೆಕ್ಯಾನಿಕ್‌ಗೆ ಹಚ್ಚಿ ಕೂಗಾಡಿದ. ಆ ಕಡೆಯ ದನಿ ನಮಗೂ ಕೇಳಿಸಿತು. "ಚೀಟಿ ಕಟ್ಟಿದ್ಯಾ ಸಾರ್? ಹಾಗಾದ್ರೆ ಯಾರೂ ಕೈ ಹಾಕ್ಬೇಡಿ. ಮುಂದಿನ ಗುರುವಾರ ಬಂದು ನೋಡ್ತೀನಿ."

ಇಷ್ಟಾದ ಮೇಲೆ ನಾನು ಮೇಡಂ ಮುಖ ನೋಡಿದೆ. ಹೆಂಗಸಲ್ಲವೇ, ಏನಾದರೂ ಅಂದಾರು ಎಂಬ ಆಸೆ ನನಗಿತ್ತು, ಸುಳ್ಳೇಕೆ ಹೇಳಲಿ. ಅವರು ಕನ್ನಡಕ ಏರಿಸಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಸ್ಕ್ರೀನಿನ ಮೇಲೆ ನಿಂತಿದ್ದ ಅಂಕಿ ನೋಡಿದರು. ಆರು ಸಾವಿರದ ನಾನೂರಾ ಹನ್ನೆರಡು, ಒಂದೂ ತಪ್ಪಿಲ್ಲ.

"ಕೆಲ್ಸ ಚೆನ್ನಾಗೇ ಮಾಡ್ತಿತ್ತು," ಎಂದರು ಮಾಲೀಕನಿಗೆ. "ಇದರ ಸ್ಪೇರ್ ಎಷ್ಟಿದೆ ನಿಮ್ಮ ಹತ್ರ?"

ಮಾಲೀಕನ ಮುಖ ಬತ್ತಿ ಏರಿಸಿದಂತೆ ಬೆಳಗಿತು. "ಎರಡಿದೆ ಮೇಡಂ, ರೆಡಿ ಇದೆ," ಎಂದು ಗಾಜಿನ ಗೋಡೆಯ ಕಡೆ ತಿರುಗಿದ.

ಆಚೆ ದೊಡ್ಡಕ್ಕ, ಚಿಟಿಕೆ ಎದ್ದು ನಿಂತಿದ್ದರು. ಇಬ್ಬರ ಕುತ್ತಿಗೆಯಲ್ಲೂ ಕೆಂಪು ಚೀಟಿ ಇತ್ತು.

"ನಾವೂ ಕೆಟ್ಟುಹೋಗಿದೀವಿ ಸಾರ್," ಎಂದಳು ಚಿಟಿಕೆ. "ಇವರಂತೂ ಹನ್ನೊಂದು ವರ್ಷದಿಂದ ಕೆಟ್ಟಿದಾರೆ."

"ನಾನೇ ಹಿಡೀತೀನಿ, ಬೋಳಿಮಕ್ಳಾ!" ಎಂದು ಮಾಲೀಕ ನೆಲದ ಮೇಲಿದ್ದ ಪಟ್ಟಿ ಎತ್ತಿ ತನ್ನ ಕೈಗೆ ಬಿಗಿದುಕೊಂಡ. ಟಕ್ ಟಕ್ ಟಕ್. ಏನೂ ಇಲ್ಲ. ಅಂಗೈಗೆ ಉಗುಳಿಕೊಂಡ. ಆಗಲೂ ಇಲ್ಲ. ಸ್ಟಾಪ್‌ವಾಚ್ ನೀರಿನ ಬಕೆಟ್ಟು ತರಲು ಓಡಿದ.

ನಾನು ಅವರ ನಡುವಿನಿಂದ ನಡೆದು ಹೋದೆ. ಯಾರೂ ಮುಟ್ಟಲಿಲ್ಲ, ಮುಟ್ಟುವ ಹಾಗೂ ಇರಲಿಲ್ಲ. ಕಕ್ಕಸಿನ ಬಾಗಿಲು ಹಾಕಿಕೊಂಡು ಚಿಲಕ ಜಡಿದು ಕೂತೆ. ಉರಿಗೆ ಕಣ್ಣಲ್ಲಿ ನೀರು ಬಂತು, ಆಮೇಲೆ ನಿಧಾನಕ್ಕೆ ಹೊಟ್ಟೆ ಹಗುರಾಯಿತು. ಹೊರಗೆ ಅಳಿಯ ಒಂದೇ ಸಮನೆ ಕುಟ್ಟುತ್ತಿದ್ದ. ನೀರು ಚೆಲ್ಲಿದ ಸದ್ದು, ಮಾಲೀಕ ಜಾರಿ ಬಿದ್ದ ಸದ್ದು, ದೊಡ್ಡಕ್ಕ ಗಟ್ಟಿಯಾಗಿ ನಕ್ಕ ಸದ್ದು ಒಂದರ ಹಿಂದೊಂದು ಬಂದವು. ನಾಲ್ಕು ನಿಮಿಷ ಆಗಿಹೋಯಿತು. ಹತ್ತು ನಿಮಿಷವೂ ಆಯಿತು.

ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು.

"ಅಮ್ಮಾ," ಎಂದಿತು ಮಾಲೀಕನ ದನಿ. "ತಾಯೀ, ಅವರು ಹೊರಡ್ತಿದಾರೆ. ಒಂದೇ ನಿಮಿಷ ಬಂದು ಹಿಡ್ಕೊಳಮ್ಮ. ಆಮೇಲೆ ಎಷ್ಟು ಸಲ ಬೇಕಾದ್ರೂ ಹೋಗು. ಆಯ್ತಾ? ಆಯ್ತೇನಮ್ಮ?"

"ಇನ್ನೂ ಆಗ್ತಿದೆ," ಎಂದೆ.

ಆಗಿ ಎಷ್ಟೋ ಹೊತ್ತಾಗಿತ್ತು. ನಾನು ಕೂತೇ ಇದ್ದೆ.